ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಓಡಾಡುವ ‘ಬೆಳ್ಳಗಾಗುವ’ ಟ್ಯೂಬು: ಒಳಗೇನಿದೆ, ಬಿಡುವುದು ಹೇಗೆ?

ಹರಿಹರದ ಹೊಳೆ (ಹಾಸ್ಟೆಲ್ ಮೇಲ್ವಿಚಾರಕಿ)

ಎಲ್ಲರಿಗೂ ನಮಸ್ಕಾರ. ಡಿಗ್ರಿ ಓದುವ ಹೆಣ್ಣುಮಕ್ಕಳ ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ಒಂದು ಪುಟ ಬರೆಯಬೇಕಿದೆ. ಮುಖ ಬೆಳ್ಳಗಾಗಲಿ ಅಂತ ಹಚ್ಚುವ ಕ್ರೀಮಿನ ಬಗ್ಗೆ. ಮೂರು ಬಗೆಯವು ಓಡಾಡುತ್ತಿವೆ. ಒಂದು, ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಟ್ಯೂಬು. ಇನ್ನೊಂದು, ಯಾರದೋ ಅಣ್ಣ ಗಲ್ಫಿನಿಂದ ತಂದುಕೊಟ್ಟ ಡಬ್ಬಿ, ಒಳಗೇನಿದೆ ಅಂತ ಅದರ ಮೇಲೆ ಬರೆದೇ ಇಲ್ಲ. ಮೂರನೆಯದು, ಬ್ಯೂಟಿ ಪಾರ್ಲರಿನವರು ತಾವೇ ಕಲಸಿ ತುಂಬಿಕೊಡುವ ಪುಟ್ಟ ಡಬ್ಬಿ.

‘ಹಚ್ಚಬೇಡಿ, ನೀವಿರುವ ಹಾಗೇ ಚೆಂದ’ ಅಂತ ಬರೆದರೆ ಯಾರೂ ನಿಂತು ಓದುವುದಿಲ್ಲ. ಈಗಾಗಲೇ ಹಚ್ಚುತ್ತಿರುವವರಿಗೆ ಉಪಯೋಗಕ್ಕೆ ಬರುವಂಥದ್ದು ಬೇಕು. ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಚರ್ಮದ ಡಾಕ್ಟ್ರು, ಹುಬ್ಬಳ್ಳಿ

ಮೇಡಂ, ಒಂದು ಮಾತು ಒಪ್ಪಿಕೊಂಡೇ ಶುರು ಮಾಡ್ರಿ: ಆ ಟ್ಯೂಬು ಕೆಲಸ ಮಾಡ್ತದ. ಮೊದಲ ಹತ್ತು ಹದಿನೈದು ದಿನ ಮುಖ ಖರೇನ ತಿಳಿ ಆಗ್ತದ, ಮೊಡವಿ ಕುಗ್ಗತಾವ. ಹುಡುಗಿ ಇದನ್ನ ಕನ್ನಡಿಯೊಳಗ ತಾನೇ ಕಂಡಿರ್ತಾಳ. ‘ಅದರಿಂದ ಏನೂ ಆಗೂದಿಲ್ಲ’ ಅಂತ ನೀವು ಬರದ್ರ ಉಳಿದ ಮಾತನ್ನೂ ಆಕಿ ನಂಬೂದಿಲ್ಲ.

ಅಂಗಡಿಯೊಳಗ ಸಿಗೂ ಟ್ಯೂಬಿನಾಗ ಬಹಳ ಸಲ ಮೂರು ಔಷಧ ಕೂಡಿರ್ತಾವ: ಹೈಡ್ರೋಕ್ವಿನೋನ್ 2% (ಬಣ್ಣ ತಿಳಿ ಮಾಡೂದು), ಟ್ರೆಟಿನೋಯಿನ್ 0.025% (ವಿಟಮಿನ್ ಎ ಬಗೆಯದು), ಮೊಮೆಟಾಸೋನ್ 0.1%. ಹಿಂಗ ಮೂರನ್ನ ಬೆರಸೂ ವಿಚಾರ 1975ರಾಗ ಅಮೆರಿಕದ ಕ್ಲಿಗ್ಮನ್ ಮತ್ತು ವಿಲ್ಲಿಸ್ ಅನ್ನೋ ವೈದ್ಯರು ಪ್ರಕಟಿಸಿದ್ದು. ಈಗ ಮುಖ್ಯವಾಗಿ ಬಂಗಿಗೆ ಬರಕೊಡತೀವಿ, ಅದೂ ಸಾಮಾನ್ಯವಾಗಿ ಎಂಟು ವಾರ, ನಡುವ ಕರಸಿ ನೋಡಿ. ಆರೋಗ್ಯವಂತ ಮುಖಕ್ಕ ದಿನಾ ಹಚ್ಚೂ ಕ್ರೀಮು ಇದಲ್ಲ.

ಮೂರರೊಳಗ ಮೊಮೆಟಾಸೋನ್ ಸ್ಟೀರಾಯ್ಡ್. ಮೊದಲ ವಾರದ ಹೊಳಪು ಬಹುತೇಕ ಅದರದ್ದ. ಚರ್ಮದೊಳಗಿನ ಸಣ್ಣ ರಕ್ತನಾಳ ಸಂಕೋಚ ಆಗಿ ಮುಖ ಬಿಳಚಿಕೊಳ್ತದ, ಉರಿಯೂತ ತಗ್ಗತದ, ಬಣ್ಣ ಮಾಡೂ ಜೀವಕೋಶಗಳ ಕೆಲಸ ಮಂದ ಆಗ್ತದ. ಎರಡು ಮೂರು ತಿಂಗಳ ದಾಟಿದ ಮ್ಯಾಲೆ ಅದ ಔಷಧ ಉಲ್ಟಾ ಹೊಡೀತದ. ಚರ್ಮ ತೆಳು ಆಗಿ ಕೆನ್ನಿ ಮ್ಯಾಲೆ ಕೆಂಪು ಎಳಿಗಳು ಕಾಣತಾವ, ಮುಖದ ಮ್ಯಾಲೆ ರೋಮ ಬೆಳೀತಾವ, ಎಲ್ಲಾ ಒಂದ ಅಳತಿಯ ಸಣ್ಣ ಸಣ್ಣ ಗುಳ್ಳಿ ಏಳತಾವ. ಸಾದಾ ಮೊಡವಿಯೊಳಗ ಸಣ್ಣವು, ದೊಡ್ಡವು, ಕರೀ ತುದಿಯವು ಎಲ್ಲಾ ಇರ್ತಾವ. ಸ್ಟೀರಾಯ್ಡಿನ ಗುಳ್ಳಿ ಹಂಗಲ್ಲ, ಇದು ಕಣ್ಣಳತಿಯಲ್ಲೇ ಗೊತ್ತಾಗೂ ಗುರುತು.

ಹೆದರಿ ಹುಡುಗಿ ಹಚ್ಚೂದು ನಿಲ್ಲಸ್ತಾಳ. ವಾರದೊಳಗ ಮುಖ ಕೆಂಪಾಗಿ ಉರೀತದ, ಬಿಸಿಲಿಗೆ ಹೋದ್ರ ಚುರುಚುರು ಅಂತದ, ಬಣ್ಣ ಮೊದಲಿಗಿಂತ ಕಪ್ಪಾದಂಗ ಕಾಣಸ್ತದ. ಮತ್ತ ಹಚ್ಚಿದ್ರ ಒಂದ ರಾತ್ರಿಯೊಳಗ ಆರಾಮ. ‘ಈ ಕ್ರೀಮಷ್ಟ ನನಗ ಒಗ್ಗತದ’ ಅಂತ ಆಕಿ ತಿಳಕೊಳ್ಳೂದು ಇಲ್ಲೇ. ಭಾರತದ ಚರ್ಮವೈದ್ಯರು ಇದಕ್ಕ ‘ಸ್ಟೀರಾಯ್ಡಿನಿಂದ ಕೆಟ್ಟ ಮುಖ’ ಅಂತ ಬ್ಯಾರೆ ಹೆಸರು ಇಡೂವಷ್ಟು ಇದು ಹಬ್ಬೇದ.

ಬಿಲ್ಲು ಕೌಂಟರ್, ತುಮಕೂರು (ಫಾರ್ಮಸಿಸ್ಟ್)

ಟ್ಯೂಬು ಓದುವ ಬಗೆ ನಾನು ಹೇಳುತ್ತೇನೆ. ಬೋರ್ಡಿನಲ್ಲಿ ದೊಡ್ಡಕ್ಷರದಲ್ಲಿ ಇದನ್ನೇ ಹಾಕಿ.

ಮುಂಭಾಗದ ಹೆಸರು, ಹೂವಿನ ಚಿತ್ರ ಬಿಡಿ. ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ‘ಸಂಯೋಜನೆ’ ಅಂತ ಇರುವ ಕಡೆ ಬೆರಳಿಡಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಬೆಕ್ಲೋಮೆಥಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೊಲೋನ್, ಇವುಗಳಲ್ಲಿ ಒಂದು ಕಂಡರೂ ಅದು ಸ್ಟೀರಾಯ್ಡ್. ಹೆಸರು ನೆನಪಿಡುವುದು ಕಷ್ಟ ಅನ್ನುವವರು ‘-ಸೋನ್’, ‘-ಸಾಲ್’, ‘-ಲೋನ್’ ಅಂತ ಮುಗಿಯುವ ಹೆಸರು ಇದೆಯಾ ನೋಡಿ, ಇದ್ದರೆ ಕೇಳಿ ತಿಳಿದುಕೊಳ್ಳಿ. ಕ್ಲೋಬೆಟಾಸಾಲ್ ಇವುಗಳಲ್ಲೇ ಅತಿ ಜೋರಿನದು. ಅಂಗೈ, ಅಂಗಾಲಿನ ದಪ್ಪ ಚರ್ಮಕ್ಕೆ ಬರೆಯುವ ಔಷಧಿ ಅದು, ಮುಖಕ್ಕಲ್ಲ.

ಎರಡನೆಯ ಗುರುತು, ಟ್ಯೂಬಿನ ಪಕ್ಕದಲ್ಲಿ ಉದ್ದಕ್ಕೆ ಕೆಂಪು ಗೆರೆ ಮತ್ತು ‘ಆರ್‌ಎಕ್ಸ್’ ಗುರುತು. ಅದಿದ್ದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್, ಅಂದರೆ ಚೀಟಿ ಬೇಕೇಬೇಕಾದ ಔಷಧಿಗಳ ಪಟ್ಟಿಯೊಳಗೆ ತಂದಿತು. ಆದರೂ ಕೌಂಟರಿನಲ್ಲಿ ಹೆಸರು ಹೇಳಿದರೆ ಸಿಗುತ್ತದೆ ಅನ್ನುವುದು ನಮ್ಮ ವೃತ್ತಿಗೆ ಕೆಟ್ಟ ಹೆಸರು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಗಜಕರ್ಣಕ್ಕೆ, ತುರಿಕೆಗೆ ಅಂತ ಮಾರುವ ಮೂರು ನಾಲ್ಕು ಔಷಧಿ ಬೆರೆಸಿದ ಮುಲಾಮನ್ನೂ ಹುಡುಗಿಯರು ಮುಖಕ್ಕೆ ಹಚ್ಚುತ್ತಾರೆ. ಅದರಲ್ಲೂ ಸ್ಟೀರಾಯ್ಡ್ ಇರುವುದು ಸಾಮಾನ್ಯ. ನಿಜವಾಗಿ ಗಜಕರ್ಣ ಇದ್ದವರು ಹಚ್ಚಿದರಂತೂ ಅದರ ಉಂಗುರದ ಆಕಾರ ಅಳಿಸಿಹೋಗುತ್ತದೆ, ತುರಿಕೆ ನಿಲ್ಲುತ್ತದೆ, ಸೋಂಕು ಮಾತ್ರ ಒಳಗೊಳಗೇ ಹರಡುತ್ತದೆ.

ಹಾಗೇ ನಿಲ್ಲಿಸಿದರೆ ಸಾಕಲ್ಲ ಡಾಕ್ಟ್ರೇ? ಕೌಂಟರಿನಲ್ಲಿ ಕೇಳಿದವರಿಗೆ ‘ಇವತ್ತಿಂದಲೇ ಬಿಡಿ’ ಅನ್ನುವುದು ರೂಢಿ.

ಚರ್ಮದ ಡಾಕ್ಟ್ರು, ಹುಬ್ಬಳ್ಳಿ

ಎರಡು ಮೂರು ವಾರ ಹಚ್ಚಿದವರಿಗೆ ಆ ಮಾತು ಸಾಕು ಸರ್. ಆರು ತಿಂಗಳು, ವರ್ಷ ಹಚ್ಚಿದವರಿಗೆ ಅಷ್ಟ ಹೇಳಿ ಕಳಿಸಿದ್ರ ನಾಲ್ಕು ದಿನಕ್ಕ ವಾಪಸ್ ಅದ ಟ್ಯೂಬು ಕೊಳ್ಳಾಕ ಬರ್ತಾರ.

ಮೊದಲು ಎಷ್ಟು ಹೋಗೇದ ಅನ್ನೂ ಲೆಕ್ಕ ತಗೋಬೇಕು. ‘ಎಷ್ಟು ದಿನದಿಂದ’ ಅಂತ ಕೇಳಿದ್ರ ನೆಟ್ಟಗ ಉತ್ತರ ಸಿಗೂದಿಲ್ಲ, ‘ತಿಂಗಳಿಗೆ ಎಷ್ಟು ಟ್ಯೂಬು’ ಅಂತ ಕೇಳ್ರಿ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ತನಕ ಹಿಂಡಿದ್ರ ಸುಮಾರು ಅರ್ಧ ಗ್ರಾಂ. ದಿನಕ್ಕ ಅಷ್ಟು ಹಚ್ಚಿದ್ರ 15 ಗ್ರಾಮಿನ ಟ್ಯೂಬು ಒಂದು ತಿಂಗಳು ಬರ್ತದ. ತಿಂಗಳಿಗೆ ಎರಡು ಖಾಲಿ ಆಗ್ತಿದ್ರ ದಿನಕ್ಕೊಂದು ಗ್ರಾಂ ಹೋಗೇದ ಅಂತ ಅರ್ಥ. ಖಾಲಿ ಟ್ಯೂಬು ಒಗೀಬ್ಯಾಡ್ರಿ, ಡಾಕ್ಟರಿಗೆ ತೋರಸ್ರಿ.

ಬಿಡಸೂದಕ್ಕ ಎರಡು ದಾರಿ ಅದಾವ. ಒಂದು, ಜೋರಿನ ಸ್ಟೀರಾಯ್ಡ್ ತಗದು ಕಡಿಮಿ ಜೋರಿನ ಹೈಡ್ರೋಕಾರ್ಟಿಸೋನಿಗೆ ಇಳಿಸಿ, ಆಮ್ಯಾಲೆ ದಿನಬಿಟ್ಟು ದಿನ, ಆಮ್ಯಾಲೆ ವಾರಕ್ಕ ಎರಡು ಸಲ ಅಂತ ಕಡಿಮಿ ಮಾಡಿ ನಿಲ್ಲಸೂದು. ಇನ್ನೊಂದು, ಒಮ್ಮೆಲೇ ನಿಲ್ಲಿಸಿ ಟ್ಯಾಕ್ರೋಲಿಮಸ್ ಅನ್ನೂ ಮುಲಾಮು ಹಚ್ಚಿಸೂದು. ಇದು ಸ್ಟೀರಾಯ್ಡ್ ಅಲ್ಲ, ಆದ್ರ ಮೊದಲ ಕೆಲವು ದಿನ ಇದೂ ಉರೀತದ. ಟ್ಯೂಬನ್ನ ಫ್ರಿಜ್ಜಿನೊಳಗ ಇಟ್ಟು ತಣ್ಣಗ ಹಚ್ಚಿದ್ರ ಉರಿ ಕಡಿಮಿ. ಗುಳ್ಳಿ ಬಹಳ ಇದ್ರ ಡಾಕ್ಸಿಸೈಕ್ಲಿನ್ ಗುಳಿಗಿ ಕೊಡತೀವಿ, ಬಸುರಿ ಇದ್ರ ಕೊಡೂದಿಲ್ಲ. ಯಾವ ದಾರಿ ಅನ್ನೂದನ್ನ ಮುಖ ನೋಡಿದವರ ಹೇಳಬೇಕು. ಹಾಸ್ಟೆಲಿನಾಗ ಒಬ್ಬಾಕಿಗೆ ಬರಕೊಟ್ಟ ಚೀಟಿ ಇನ್ನೊಬ್ಬಾಕಿಗೆ ನಡಿಯೂದಿಲ್ಲ.

ಮನಿಯೊಳಗ ಮಾಡೂದು ಇಷ್ಟ: ನೊರಿ ಬರದ, ವಾಸನಿ ಇರದ ಫೇಸ್‌ವಾಶ್, ದಿನಕ್ಕ ಎರಡು ಸಲ ಸಾಕು. ವಾಸನಿ ಇರದ ಮಾಯಿಶ್ಚರೈಸರ್ ಎಷ್ಟು ಸಲ ಹಚ್ಚಿದ್ರೂ ನಡೀತದ. ಉರಿ ಬಂದಾಗ ತಣ್ಣೀರಿನಾಗ ಅದ್ದಿದ ಶುದ್ಧ ಅರಿವೆ ಹತ್ತು ನಿಮಿಷ. ಐಸ್ ನೇರ ಒತ್ತಬ್ಯಾಡ್ರಿ. ಸ್ಟೀಮು, ಬ್ಲೀಚು, ಫೇಶಿಯಲ್ಲು, ನಿಂಬಿಹಣ್ಣು, ಮುಲ್ತಾನಿ ಮಿಟ್ಟಿ ಎಲ್ಲಾ ಬಂದ್. ಉರಿ ಒಂದ ಸಮ ಇಳಿಯೂದಿಲ್ಲ, ನಾಲ್ಕು ದಿನ ಕಡಿಮಿ ಆಗಿ ಮತ್ತ ಏಳತದ, ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ಇದನ್ನ ಮೊದಲ ಹೇಳಬೇಕು. ಹೇಳದಿದ್ರ ಎರಡನೇ ಸಲ ಎದ್ದಾಗ ಎಲ್ಲಾ ಮುಗೀತು ಅಂತ ತಿಳಕೊಂಡು ಹಳೇ ಟ್ಯೂಬಿಗೆ ಕೈ ಹಾಕ್ತಾರ.

ಕಣ್ಣಿನ ರೆಪ್ಪಿ ಮ್ಯಾಲೆ ಹಚ್ಚಿದವರು ಕಣ್ಣಿನ ಡಾಕ್ಟರ ಹತ್ರ ಕಣ್ಣಿನೊಳಗಿನ ಒತ್ತಡ ಅಳತಿ ಮಾಡಿಸಿಕೊಳ್ರಿ. ಸ್ಟೀರಾಯ್ಡಿನಿಂದ ಗ್ಲಾಕೋಮಾ (ಆ ಒತ್ತಡ ಏರಿ ದೃಷ್ಟಿ ಕೆಡೂ ರೋಗ) ಬರಬಹುದು, ನೋವು ಇಲ್ಲದ ಬರ್ತದ.

ಮೂತ್ರಪಿಂಡ ವಿಭಾಗ, ಮಂಗಳೂರು

ಹೊಳೆಯವರೇ, ನಿಮ್ಮ ಎರಡನೆಯ ಡಬ್ಬಿ ಉಂಟಲ್ಲ, ಒಳಗೇನಿದೆ ಅಂತ ಬರೆಯದ್ದು, ನನಗೆ ಹೆಚ್ಚು ಹೆದರಿಕೆ ಅದರದ್ದು. ಅದರಲ್ಲಿ ಪಾದರಸ ಇರಬಹುದು. ಪಾದರಸದ ಲವಣ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನೇ ತಡೆಯುತ್ತದೆ, ಅಗ್ಗ ಬೇರೆ. ಅದು ಚರ್ಮದ ಮೂಲಕ ಒಳಗೆ ಹೋಗಿ ಮೂತ್ರಪಿಂಡದಲ್ಲಿ ಕೂರುತ್ತದೆ.

ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್ ತನಕ ಮೆಂಬ್ರೇನಸ್ ನೆಫ್ರೋಪಥಿ (ಮೂತ್ರಪಿಂಡದ ಸೋಸುವ ಪದರ ಕೆಟ್ಟು ಮೂತ್ರದಲ್ಲಿ ಪ್ರೋಟೀನ್ ಸೋರುವ ಕಾಯಿಲೆ) ಇದ್ದ 22 ರೋಗಿಗಳನ್ನು ಕಂಡರು. ಅವರಲ್ಲಿ 15 ಮಂದಿಗೆ ನೆಲ್-1 ಎಂಬ ಅಪರೂಪದ ಬಗೆ. ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದರು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಇದು ನಮಗೆ ದೂರದ ಸುದ್ದಿ ಅಲ್ಲ. ಗಲ್ಫಿನಿಂದ ಮಲಪ್ಪುರಕ್ಕೆ ಬರುವ ಪೆಟ್ಟಿಗೆ ಮಂಗಳೂರಿಗೂ ಭಟ್ಕಳಕ್ಕೂ ಬರ್ತದೆ.

ಡಬ್ಬಿ ನೋಡಿ ಸಂಶಯಪಡಲು ಕೆಲವು ಗುರುತು ಉಂಟು. ಸಾಮಗ್ರಿಗಳ ಪಟ್ಟಿಯೇ ಇಲ್ಲದಿರುವುದು. ‘ಮರ್ಕ್ಯುರಿ’, ‘ಮರ್ಕ್ಯೂರಸ್ ಕ್ಲೋರೈಡ್’, ‘ಕ್ಯಾಲೊಮೆಲ್’, ‘ಮರ್ಕ್ಯೂರಿಕ್ ಅಯೊಡೈಡ್’ ಎಂಬ ಹೆಸರು. ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ ಒಡವೆಗೆ ತಾಗಿಸಬಾರದು ಎಂಬ ಸೂಚನೆ. ಈ ಕೊನೆಯದು ಬಹಳ ಒಳ್ಳೆಯ ಸುಳಿವು, ಯಾಕೆಂದರೆ ಪಾದರಸ ಆ ಲೋಹಗಳನ್ನು ಹಿಡಿದುಕೊಳ್ತದೆ. ಬೆಳಕಿಗೆ ಇಟ್ಟಾಗ ಕ್ರೀಮು ಬೂದು ಬಣ್ಣಕ್ಕೆ ತಿರುಗಿದರೂ ಸಂಶಯಪಡಿ. ಗುರುತು ಒಂದೂ ಕಾಣಲಿಲ್ಲ ಅಂದ ಮಾತ್ರಕ್ಕೆ ಕ್ಷೇಮ ಅಂತ ಅಲ್ಲ. ಖಚಿತವಾಗಲು ಲ್ಯಾಬಿನ ಪರೀಕ್ಷೆಯೇ ಆಗಬೇಕು.

ಹಚ್ಚುತ್ತಿದ್ದವಳಿಗೆ ಮೂತ್ರದಲ್ಲಿ ನೊರೆ ಬಂದು ಸುಮಾರು ಹೊತ್ತು ಒಡೆಯದೆ ನಿಂತರೆ, ಬೆಳಿಗ್ಗೆ ಕಣ್ಣ ಸುತ್ತ ಊತ, ಸಂಜೆ ಪಾದದಲ್ಲಿ ಬೆರಳೊತ್ತಿದರೆ ಗುಳಿ ಉಳಿಯುವ ಊತ ಬಂದರೆ ಅದೇ ದಿನ ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ, ತಾಲ್ಲೂಕು ಆಸ್ಪತ್ರೆಯಲ್ಲೇ ಆಗ್ತದೆ. ಕೈ ನಡುಕ, ನಿದ್ದೆ ಬಾರದಿರುವುದು, ಕಾರಣವಿಲ್ಲದ ಸಿಟ್ಟು ಸಹ ಪಾದರಸದ್ದೇ ಇರಬಹುದು. ರಕ್ತ, ಮೂತ್ರ ಎರಡರಲ್ಲೂ ಪಾದರಸ ಅಳೆಯಬಹುದು. ‘ಏನಾದರೂ ಹಚ್ಚುತ್ತೀರಾ’ ಅಂತ ಡಾಕ್ಟ್ರು ಕೇಳದೇ ಇರಬಹುದು, ನೀವೇ ಹೇಳಿ.

ಇದು ಹಚ್ಚಿದವಳಲ್ಲಿ ಮಾತ್ರ ನಿಲ್ಲುವುದಿಲ್ಲ. ಟವೆಲು, ದಿಂಬಿನ ಹೊದಿಕೆ, ಕೈಯ ಮೂಲಕ ಕೋಣೆಯ ಉಳಿದವರಿಗೂ ಹೋಗ್ತದೆ. ಮನೆಯಲ್ಲಿ ಹಾಲು ಕುಡಿಯುವ ಮಗು ಇದ್ದರೆ ಇನ್ನೂ ಅಪಾಯ. ಕಸದ ಬುಟ್ಟಿಗೆ, ಸಿಂಕಿಗೆ ಹಾಕಬೇಡಿ. ಮುಚ್ಚಳ ಬಿಗಿದು, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಔಷಧ ನಿಯಂತ್ರಣ ಇಲಾಖೆಯ ಜಿಲ್ಲಾ ಕಚೇರಿಗೆ ದೂರಿನ ಜೊತೆ ಕೊಡಿ. ಕಾನೂನು ಸ್ಪಷ್ಟ ಉಂಟು: ಕಣ್ಣಿನ ಸುತ್ತ ಹಚ್ಚುವವನ್ನು ಬಿಟ್ಟರೆ ಭಾರತದ 2020ರ ಸೌಂದರ್ಯವರ್ಧಕ ನಿಯಮದಲ್ಲಿ, ಬೇಕೆಂದು ಸೇರಿಸದೆ ಉಳಿದುಬಂದ ಪಾದರಸಕ್ಕೂ ಮಿತಿ ಹತ್ತು ಲಕ್ಷಕ್ಕೆ ಒಂದು ಪಾಲು ಮಾತ್ರ.

ರಸಾಯನ (ಸೌಂದರ್ಯವರ್ಧಕ ತಯಾರಿಕೆ, ಒಸಾಕಾ)

ಮೇಲಿನವರು ಹೇಳಿದ್ದೆಲ್ಲ ಕಳ್ಳಮಾಲು, ದುರ್ಬಳಕೆಯ ಕಥೆ. ದೊಡ್ಡ ಕಂಪನಿಯ, ಸರ್ಕಾರದ ಅನುಮತಿ ಇದ್ದ, ದುಬಾರಿ ಕ್ರೀಮಿನಲ್ಲೂ ಆಗಿದೆ ಅನ್ನುವುದನ್ನು ಸೇರಿಸಬೇಕು. ಜಪಾನಿನಲ್ಲಿ ಕಾನೆಬೊ ಕಂಪನಿ ರೋಡೊಡೆನಾಲ್ ಎಂಬ ರಾಸಾಯನಿಕ ಹಾಕಿದ ಬೆಳ್ಳಗಾಗಿಸುವ ಉತ್ಪನ್ನಗಳನ್ನು 2013ರ ಜುಲೈಯಲ್ಲಿ ಪೇಟೆಯಿಂದ ವಾಪಸ್ ತರಿಸಿಕೊಂಡಿತು. ಹಚ್ಚಿದವರ ಮುಖ, ಕತ್ತು, ಕೈಗಳಲ್ಲಿ ತೊನ್ನಿನಂಥ ಬಿಳಿ ಮಚ್ಚೆ ಎದ್ದಿದ್ದವು. ತೊಂದರೆಯಾದವರು 19,000ಕ್ಕೂ ಹೆಚ್ಚು. ಬಣ್ಣ ತಯಾರಿಸುವ ಕಿಣ್ವಕ್ಕೆ ಅಡ್ಡಬರಲಿ ಅಂತ ಹಾಕಿದ ವಸ್ತು ಅದೇ ಕಿಣ್ವದಿಂದ ವಿಷವಾಗಿ ಮಾರ್ಪಟ್ಟು ಜೀವಕೋಶವನ್ನೇ ಕೊಂದಿತು. ಮೈಬಣ್ಣ ಹೆಚ್ಚು ತಿಳಿಯಿರುವ ದೇಶದಲ್ಲೂ ಇನ್ನಷ್ಟು ಬಿಳುಪಿಗೆ ಇಷ್ಟು ಬೇಡಿಕೆ ಇತ್ತು ಅನ್ನುವುದನ್ನು ನಿಮ್ಮ ಹುಡುಗಿಯರು ಒಂದು ಕ್ಷಣ ಯೋಚಿಸಲಿ. ಇಷ್ಟು ಬೆಳ್ಳಗಾದರೆ ಸಾಕು ಅನ್ನುವ ಗೆರೆ ಎಲ್ಲೂ ಇಲ್ಲ.

ಬೋರ್ಡಿಗೆ ಉಪಯೋಗವಾಗುವ ಇನ್ನೊಂದು ಸಂಗತಿ. ತೋಳಿನ ಒಳಭಾಗವನ್ನು, ಕಂಕುಳಿಗಿಂತ ಸ್ವಲ್ಪ ಕೆಳಗೆ, ಹಗಲು ಬೆಳಕಿನಲ್ಲಿ ನೋಡಿ. ಬಿಸಿಲು ಕಾಣದ ಆ ಬಣ್ಣವೇ ಹುಟ್ಟಿನ ಬಣ್ಣ. ಬಿಸಿಲಿನಿಂದ ಮುಖ ಕಪ್ಪಾಗಿದ್ದರೆ ನೆರಳು, ಸನ್‌ಸ್ಕ್ರೀನು ಹೆಚ್ಚೆಂದರೆ ಅಲ್ಲಿಯ ತನಕ ತರುತ್ತವೆ. ಅದಕ್ಕಿಂತ ತಿಳಿ ಮಾಡುತ್ತೇವೆ ಅನ್ನುವ ಯಾವುದೇ ಉತ್ಪನ್ನ ಜೀವಕೋಶದ ಕೆಲಸವನ್ನೇ ತಡೆಯಬೇಕು, ಬಿಟ್ಟ ಮೇಲೆ ಸಾಮಾನ್ಯವಾಗಿ ಬಣ್ಣ ನಿಧಾನವಾಗಿ ಮರಳುತ್ತದೆ. ಕಪ್ಪು, ಬಿಳಿ ಎಲ್ಲರ ಚರ್ಮದಲ್ಲೂ ಬಣ್ಣ ಮಾಡುವ ಜೀವಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ, ಅವು ಮಾಡುವ ಮೆಲನಿನ್ ಕಣದ ಗಾತ್ರ, ಹರಡುವ ಬಗೆ ಬೇರೆ.

ಸನ್‌ಸ್ಕ್ರೀನನ್ನು ಬಹಳ ಜನ ಕಡಲೆಕಾಳಿನಷ್ಟು ಹಚ್ಚುತ್ತಾರೆ. ಮುಖ ಮತ್ತು ಕತ್ತಿಗೆ ತೋರುಬೆರಳು, ಮಧ್ಯದ ಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಬೇಕು. ಎಸ್‌ಪಿಎಫ್ 30 ಸಾಕು. ಬಂಗು ಇರುವವರಿಗೆ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನು ಮೇಲು, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ.

ಸಾರ್ವಜನಿಕ ಆರೋಗ್ಯ, ಲಂಡನ್

ಹೈಡ್ರೋಕ್ವಿನೋನ್ ವಿಷಯದಲ್ಲಿ ಪಾಠ ಕಲಿತ ದೇಶ ದಕ್ಷಿಣ ಆಫ್ರಿಕಾ. ಅಲ್ಲಿ ಕಪ್ಪು ಹೆಂಗಸರು ವರ್ಷಗಟ್ಟಲೆ ಹಚ್ಚಿ, ಕೆನ್ನೆಯ ಮೇಲೆ ರಾಗಿ ಕಾಳು ಉದುರಿಸಿದಂತೆ ನೀಲಿಗಪ್ಪು ಚುಕ್ಕೆಗಳು ಏಳುವುದನ್ನು ವೈದ್ಯರು 1975ರಲ್ಲಿ ವರದಿ ಮಾಡಿದರು. ಓಕ್ರೊನೋಸಿಸ್ ಅಂತ ಅದರ ಹೆಸರು. ಕಪ್ಪಾಯಿತು ಅಂತ ಅದರ ಮೇಲೆ ಇನ್ನಷ್ಟು ಹಚ್ಚುತ್ತಾರೆ, ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಹೋಗಿಸುವುದು ತುಂಬ ಕಷ್ಟ. ಮೊದಲು 2% ಮಿತಿ ಹಾಕಿ ನೋಡಿದರು, ಹಾನಿ ನಿಲ್ಲಲಿಲ್ಲ. 1990ರ ನಿಯಮದಲ್ಲಿ ಪೂರ್ತಿ ನಿಷೇಧಿಸಿದರು. ಅದರ ಹಿಂದೆ ಚರ್ಮವೈದ್ಯರ ಜೊತೆಗೆ ವರ್ಣಭೇದ ನೀತಿಯ ವಿರುದ್ಧ ಹೋರಾಡುತ್ತಿದ್ದವರ ಒತ್ತಾಯವೂ ಇತ್ತು. ಚರ್ಮದ ಬಣ್ಣದ ಮೇಲೆ ಮನುಷ್ಯರನ್ನು ವಿಂಗಡಿಸಿದ್ದ ನಾಡಿನಲ್ಲಿ ಈ ಡಬ್ಬಿ ಬರೀ ಸೌಂದರ್ಯದ ವಿಷಯವಾಗಿರಲಿಲ್ಲ.

ಆಮೇಲೆ ಐರೋಪ್ಯ ಒಕ್ಕೂಟ 2001ರಲ್ಲಿ ಇಂಥ ಸೌಂದರ್ಯವರ್ಧಕಗಳಿಂದ ಹೈಡ್ರೋಕ್ವಿನೋನನ್ನು ತೆಗೆಯಿತು, ಐವರಿ ಕೋಸ್ಟ್ 2015ರಲ್ಲಿ, ಘಾನಾ 2016ರಲ್ಲಿ ನಿರ್ಬಂಧ ತಂದವು. ಆದರೂ ಸಂತೆಯಲ್ಲಿ ಸಿಗುತ್ತದೆ. ನಿಷೇಧದಿಂದ ಸರಕಿನ ದಾರಿ ಬದಲಾಗುತ್ತದೆ, ಬೇಡಿಕೆ ಹಾಗೇ ಉಳಿಯುತ್ತದೆ.

ಹೆಸರು ಬದಲಿಸುವುದರ ಬಗ್ಗೆಯೂ ನನಗೆ ಹೆಚ್ಚು ಭರವಸೆ ಇಲ್ಲ. ಭಾರತದಲ್ಲಿ 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಅಂಗಡಿಯಲ್ಲಿ ಕೇಳುವವರ ಮನಸ್ಸಿನಲ್ಲಿ ಏನಿತ್ತೋ ಅದೇ ಇದೆ.

ಕೆಂಪು ಹುಣಿಸೆ

ಡಾಕ್ಟ್ರೇ, ಒಂದು ಪ್ರಶ್ನೆ. ಮುಖಕ್ಕಿಂತ ಕತ್ತಿನ ಹಿಂದೆ, ಕಂಕುಳಲ್ಲಿ ಕಪ್ಪಾಗುವುದಕ್ಕೆ ಬಹಳ ಹುಡುಗಿಯರು ನಾಚಿಕೆಪಡುತ್ತಾರೆ. ‘ನೆಟ್ಟಗೆ ಸ್ನಾನ ಮಾಡಲ್ವಾ’ ಅಂತ ಮನೆಯವರೇ ಅನ್ನುತ್ತಾರೆ. ಅದಕ್ಕೂ ಇದೇ ಕ್ರೀಮು ಹಚ್ಚುತ್ತಾರೆ.

ಚರ್ಮದ ಡಾಕ್ಟ್ರು, ಹುಬ್ಬಳ್ಳಿ

ಇದು ಕೊಳಿ ಅಲ್ರಿ, ತಿಕ್ಕಿದ್ರ ಹೋಗೂದಿಲ್ಲ. ತಿಕ್ಕಿದಷ್ಟು ಕಪ್ಪ ಹೆಚ್ಚಾಗ್ತದ. ಕತ್ತಿನ ಹಿಂದ ಮಖಮಲ್ಲಿನಂಗ ದಪ್ಪಾಗಿ ಕಪ್ಪಾಗಿದ್ರ ಬಹಳ ಸಲ ದೇಹ ಇನ್ಸುಲಿನಿಗೆ ಸರಿಯಾಗಿ ಸ್ಪಂದಿಸ್ತಿಲ್ಲ ಅನ್ನೂ ಸೂಚನೆ. ಜೊತಿಗೆ ಮುಟ್ಟು ಏರುಪೇರು, ಗಲ್ಲದ ಮ್ಯಾಲೆ ರೋಮ ಇದ್ರ ಪಿಸಿಓಎಸ್ (ಹಾರ್ಮೋನ್ ಏರುಪೇರಿನ ತೊಂದರಿ) ಅದನೋ ಅಂತ ನೋಡಬೇಕು. ಖಾಲಿ ಹೊಟ್ಟಿ ಸಕ್ಕರಿ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರಿ ತೋರಸೂ ರಕ್ತಪರೀಕ್ಷೆ) ಮಾಡಸ್ರಿ. ನಮ್ಮ ಕಡಿ ಹೆಣ್ಣುಮಕ್ಕಳಿಗೆ ಸೊಂಟದ ಸುತ್ತಳತಿ 80 ಸೆಂಟಿಮೀಟರ್ ದಾಟಿದ್ರ ಎಚ್ಚರದ ಗೆರಿ. ಒಳಗಿನ ಕಾರಣ ಸರಿ ಹೋದಂಗ ಕತ್ತಿನ ಕಪ್ಪೂ ನಿಧಾನ ತಿಳಿ ಆಗ್ತದ. ಹಂಗಂತ ಊಟ ಬಿಟ್ಟು ತೂಕ ಇಳಸಾಕ ಹೋಗಬ್ಯಾಡ್ರಿ.

ಬೆರಳಿನ ಗೆಣ್ಣು ಕಪ್ಪಾಗಿ ಸುಸ್ತು, ಜೋಮು ಇದ್ರ ಬಿ12 ಕೊರತಿ ಇರಬಹುದು, ಶಾಕಾಹಾರಿಗಳೊಳಗ ಸಾಮಾನ್ಯ. ಹಣಿ ಅಂಚಿನೊಳಗ, ಕಿವಿ ಹತ್ರ ಕಪ್ಪಾದ್ರ ತಲಿಗೆ ಹಚ್ಚೂ ಬಣ್ಣ ಕಾರಣ ಇರಬಹುದು. ಬಿಂದಿ ಅಂಟಿಸೂ ಜಾಗಾದಾಗ ಬೆಳ್ಳಗ ಆದ್ರ ಅದರ ಅಂಟಿನ ರಾಸಾಯನಿಕ, ತಕ್ಷಣ ಬಿಡ್ರಿ. ಇವು ಯಾವುದಕ್ಕೂ ಬೆಳ್ಳಗಾಗೂ ಕ್ರೀಮು ಉತ್ತರ ಅಲ್ಲ. ಹಚ್ಚಿದ್ರ ರೋಗದ ಗುರುತು ಮುಚ್ಚಿಹೋಗ್ತದ.

ಆಪ್ತಸಲಹೆ, ಮೈಸೂರು

ಇಷ್ಟೆಲ್ಲ ತಿಳಿದ ಮೇಲೂ ಹುಡುಗಿ ಹಚ್ಚುತ್ತಾಳೆ. ‘ಬಣ್ಣ ಸ್ವಲ್ಪ ಕಮ್ಮಿ, ಆದ್ರೂ ಲಕ್ಷಣವಾಗಿದ್ದಾಳೆ’ ಅನ್ನುವ ಮಾತು ಅವಳು ಹೈಸ್ಕೂಲಿನಿಂದ ಕೇಳುತ್ತಿರುತ್ತಾಳೆ. ಆ ‘ಆದ್ರೂ’ವನ್ನು ಕರಗಿಸಲು ಅವಳ ಕೈಯಲ್ಲಿರುವುದು ಆ ಟ್ಯೂಬೊಂದೇ. ಆದ್ದರಿಂದ ಅವಳನ್ನು ಮೊದ್ದು ಅನ್ನುವಂತೆ ಬೋರ್ಡಿನಲ್ಲಿ ಒಂದಕ್ಷರವೂ ಇರಬಾರದು.

ಇದು ನಮ್ಮ ಮದುವೆ ಪದ್ಧತಿಯ ಕಾಯಿಲೆ ಮಾತ್ರ ಅನ್ನುವವರಿಗೆ ಪೆಸಿಫಿಕ್ ಸಾಗರದ ದ್ವೀಪದೇಶ ಫಿಜಿಯ ಉದಾಹರಣೆ ಕೊಡುತ್ತೇನೆ. ಮೈಕೈ ತುಂಬಿಕೊಂಡಿರುವುದನ್ನೇ ಮೆಚ್ಚುತ್ತಿದ್ದ ಸಮಾಜ ಅದು. ಅಲ್ಲಿನ ನದ್ರೋಗ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ಆನ್ ಬೆಕರ್ ಎಂಬ ಸಂಶೋಧಕಿ ಆಗ ಒಮ್ಮೆ, 1998ರಲ್ಲಿ ಮತ್ತೊಮ್ಮೆ ಹೈಸ್ಕೂಲು ಹುಡುಗಿಯರನ್ನು ಸಮೀಕ್ಷೆ ಮಾಡಿದರು. ಆಹಾರ, ತೂಕದ ಬಗ್ಗೆ ಅಪಾಯಕಾರಿ ಮನೋಭಾವ ತೋರಿದವರ ಪ್ರಮಾಣ 12.7%ರಿಂದ 29.2%ಕ್ಕೆ ಏರಿತ್ತು. ತೂಕಕ್ಕಾಗಿ ವಾಂತಿ ಮಾಡಿಕೊಳ್ಳುವುದು ಮೊದಲು ಒಬ್ಬರಲ್ಲೂ ಇರಲಿಲ್ಲ, ಮೂರು ವರ್ಷದಲ್ಲಿ 11.3% ಆಗಿತ್ತು. ಅಲ್ಲಿ ತೂಕ, ಇಲ್ಲಿ ಬಣ್ಣ. ದಿನವೂ ಕಣ್ಣಿಗೆ ಬೀಳುವ ಚಿತ್ರ ಅಳತೆಗೋಲಾಗುವ ಬಗೆ ಎರಡೂ ಕಡೆ ಒಂದೇ.

ಹಾಸ್ಟೆಲಿನಲ್ಲಿ ಮಾಡಬಹುದಾದ ಕೆಲಸವೊಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎರಿಕ್ ಸ್ಟೈಸ್ ಮತ್ತು ಸಂಗಡಿಗರು ರೂಪಿಸಿದ ‘ಬಾಡಿ ಪ್ರಾಜೆಕ್ಟ್’ ಹಲವು ದೇಶಗಳಲ್ಲಿ ಪರೀಕ್ಷೆಯಾಗಿದೆ. ಆರೇಳು ಹುಡುಗಿಯರ ಗುಂಪು, ವಾರಕ್ಕೆ ಒಂದು ಗಂಟೆ, ನಾಲ್ಕು ವಾರ. ನಡೆಸುವವರು ಭಾಷಣ ಮಾಡುವುದಿಲ್ಲ. ‘ಚೆಂದ ಅಂದರೆ ಹೀಗೇ ಇರಬೇಕು’ ಅನ್ನುವ ಚಿತ್ರ ಎಲ್ಲಿಂದ ಬಂತು, ಅದಕ್ಕೆ ತಗಲುವ ದುಡ್ಡು, ಸಮಯ, ಆರೋಗ್ಯ ಎಷ್ಟು, ಲಾಭ ಯಾರಿಗೆ ಅಂತ ಹುಡುಗಿಯರೇ ಹೇಳಿ ಬರೆಯುತ್ತಾರೆ. ಆಮೇಲೆ ತಮಗಿಂತ ಚಿಕ್ಕವಳೊಬ್ಬಳಿಗೆ ಕಾಗದ ಬರೆಯುತ್ತಾರೆ. ಒಬ್ಬಳು ಕ್ರೀಮು ಹಚ್ಚಲು ಹೊರಟವಳ ಪಾತ್ರ ಮಾಡಿದರೆ ಉಳಿದವರು ಒಪ್ಪಿಸಿ ತಡೆಯುತ್ತಾರೆ. ಸ್ವಂತ ಬಾಯಿಂದ, ಯಾರ ಬಲವಂತವೂ ಇಲ್ಲದೆ ಆಡಿದ ಮಾತಿಗೂ ಒಳಗಿನ ನಂಬಿಕೆಗೂ ತಾಳೆಯಾಗದಿದ್ದಾಗ ಮನಸ್ಸು ನಂಬಿಕೆಯನ್ನೇ ಸಡಿಲಿಸುತ್ತದೆ. ಇಡೀ ವಿಧಾನ ನಿಂತಿರುವುದು ಇದರ ಮೇಲೆ.

ಕೆಡುವುದು ಎಲ್ಲಿ? ಹಾಜರಾತಿ ಕಡ್ಡಾಯ ಮಾಡಿದಾಗ. ಪ್ರಿನ್ಸಿಪಾಲರು ಬಂದು ಕೂತಾಗ. ‘ನಿಮ್ಮ ದೇಹದಲ್ಲಿ ನಿಮಗೆ ಏನು ಇಷ್ಟವಿಲ್ಲ’ ಅಂತ ಕೇಳಿದಾಗ, ಯಾಕೆಂದರೆ ಒಬ್ಬಳು ಮೂಗು ಅಂದರೆ ಅಲ್ಲಿಯ ತನಕ ಮೂಗಿನ ಯೋಚನೆಯೇ ಇರದಿದ್ದ ನಾಲ್ವರು ಕನ್ನಡಿ ನೋಡಲು ಹೋಗುತ್ತಾರೆ. ಕ್ರೀಮಿನ ಹೆಸರು, ತೂಕದ ಅಂಕಿ ಸಭೆಯಲ್ಲಿ ಬರಬಾರದು.

ಫೋನಿನದೂ ಒಂದು ಮಾತು. ಮುಖದಿಂದ 30 ಸೆಂಟಿಮೀಟರ್ ದೂರದಲ್ಲಿ ತೆಗೆದ ಸೆಲ್ಫಿಯಲ್ಲಿ ಮೂಗು, ಒಂದೂವರೆ ಮೀಟರ್ ದೂರದ ಚಿತ್ರಕ್ಕಿಂತ ಸುಮಾರು 30% ಅಗಲ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಮಾಡಿ ತೋರಿಸಿದ್ದಾರೆ. ಕೆಲವು ಫೋನುಗಳಲ್ಲಿ ‘ಬ್ಯೂಟಿ’ ತಾನಾಗಿಯೇ ಚಾಲೂ ಇರುತ್ತದೆ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಅದನ್ನು ಸೊನ್ನೆಗೆ ಇಳಿಸಿ. ದಿನವೂ ತಿದ್ದಿದ ಮುಖ ನೋಡುವವಳಿಗೆ ಕನ್ನಡಿಯ ಮುಖ ತಪ್ಪಾಗಿ ಕಾಣತೊಡಗುತ್ತದೆ.

ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಕನ್ನಡಿ ನೋಡುವುದರಲ್ಲಿ, ಮುಖ ಮುಚ್ಚಿಕೊಳ್ಳುವುದರಲ್ಲಿ ಹೋದರೆ, ಕ್ಲಾಸು ತಪ್ಪಿಸಿದರೆ, ಊಟದ ಹಾಲಿಗೆ ಬರದಿದ್ದರೆ ಅದು ಚಿಕಿತ್ಸೆ ಇರುವ ಕಾಯಿಲೆ ಇರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಸಾಯುವ ಮಾತಾಡಿದರೆ ನಾಳೆಗೆ ಬಿಡಬೇಡಿ, ಒಬ್ಬಳನ್ನೇ ಕೋಣೆಯಲ್ಲಿ ಬಿಡಬೇಡಿ.

ಕೆಂಪು ಹುಣಿಸೆ

‘ಕಪ್ಪೇ ಚೆಂದ’ ಅನ್ನುವ ಪೋಸ್ಟರ್ ಹಾಕಿದರೆ?

ಆಪ್ತಸಲಹೆ, ಮೈಸೂರು

ಚೆನ್ನೈನ ‘ವಿಮೆನ್ ಆಫ್ ವರ್ತ್’ ಸಂಸ್ಥೆ 2009ರಲ್ಲಿ ಅಂಥದೇ ಅಭಿಯಾನ ಶುರುಮಾಡಿತು. 2013ರಲ್ಲಿ ನಟಿ ನಂದಿತಾ ದಾಸ್ ಕೈಜೋಡಿಸಿದ ಮೇಲೆ ದೇಶದಲ್ಲೆಲ್ಲ ಚರ್ಚೆಯಾಯಿತು. ಜಾಹೀರಾತಿನವರನ್ನು ಪ್ರಶ್ನಿಸಲು ಅದು ಬೇಕೇ ಬೇಕಿತ್ತು. ಆದರೆ ಹಾಸ್ಟೆಲಿನ ಒಬ್ಬಳಿಗೆ, ಅತ್ತೆಯೋ ಸೋದರಮಾವನೋ ಬಣ್ಣದ ಮಾತು ತೆಗೆದಾಗ ಏನು ಹೇಳಬೇಕು ಅನ್ನುವುದು ಪೋಸ್ಟರಿನಿಂದ ಬರುವುದಿಲ್ಲ. ಅದನ್ನು ಗುಂಪಿನಲ್ಲಿ ಜೋರಾಗಿ ಹೇಳಿ ರೂಢಿ ಮಾಡಿಸಿ: ‘ಅತ್ತೆ, ನನ್ನ ಬಣ್ಣದ ಮಾತು ಬೇಡ. ಪರೀಕ್ಷೆ ಹೇಗಾಯ್ತು ಕೇಳಿ, ಹೇಳ್ತೀನಿ.’ ಚಿಕ್ಕದು, ಮರ್ಯಾದೆ ತಪ್ಪಿಲ್ಲ, ಜಗಳಕ್ಕೆ ಎಡೆಯಿಲ್ಲ.

ಬಿಲ್ಲು ಕೌಂಟರ್, ತುಮಕೂರು

ಯಾವ ಕ್ರೀಮಿನಿಂದಾದರೂ ತೊಂದರೆಯಾಗಿದ್ದರೆ 1800-180-3024ಕ್ಕೆ ವರದಿ ಮಾಡಿ, ಔಷಧಿ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮದ ಉಚಿತ ಸಂಖ್ಯೆ. ಬಳಸಿದವರೇ ಮಾಡಬಹುದು. ಟ್ಯೂಬಿನ ಬ್ಯಾಚ್ ಸಂಖ್ಯೆ ಕೇಳುತ್ತಾರೆ, ಮುದುರಿದ ತುದಿಯ ಹತ್ತಿರ ಅಚ್ಚೊತ್ತಿರುತ್ತದೆ. ಬುಡದಿಂದ ಸುರುಳಿ ಸುತ್ತಿ ಹಿಂಡುವವರು ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಹರಿಹರದ ಹೊಳೆ (ಹಾಸ್ಟೆಲ್ ಮೇಲ್ವಿಚಾರಕಿ)

ತುಂಬಾ ಉಪಕಾರವಾಯಿತು. ಪುಟ ಬರೆಯಲು ಶುರುಮಾಡಿದ್ದೇನೆ. ಹುಡುಗಿಯರ ಕಡೆಯಿಂದ ಬಂದ ಒಂದು ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿಲ್ಲ: ವರ್ಷದಿಂದ ಹಚ್ಚುತ್ತಿರುವವಳಿಗೆ ಎರಡು ತಿಂಗಳಲ್ಲಿ ಮದುವೆ ಇದ್ದರೆ, ಈಗ ಬಿಡಬೇಕೋ, ಮದುವೆ ಮುಗಿಸಿ ಬಿಡಬೇಕೋ?

ಚರ್ಮದ ಡಾಕ್ಟ್ರು, ಹುಬ್ಬಳ್ಳಿ

ಈ ವಾರ ಚರ್ಮದ ಡಾಕ್ಟರ ಹತ್ರ ಹೋಗಬೇಕು, ಮದುವಿ ತಾರೀಖು ಮೊದಲ ಹೇಳಬೇಕು. ಆ ತಾರೀಖಿನ ಮ್ಯಾಲೆ ದಾರಿ ಬದಲಾಗ್ತದ. ಎರಡು ತಿಂಗಳಿದ್ರ ಕಡಿಮಿ ಜೋರಿನದಕ್ಕ ಇಳಿಸಿ ನಿಧಾನ ಬಿಡಸೂದಕ್ಕ ಆಗಬಹುದು, ಮದುವಿ ದಿನ ಸ್ವಲ್ಪ ಕೆಂಪು ಉಳಿದ್ರೂ ಮೇಕಪ್ಪಿನಾಗ ಮುಚ್ಚತದ. ಹತ್ತು ದಿನ ಅಷ್ಟ ಉಳಿದಿದ್ರ ಒಮ್ಮೆಲೇ ನಿಲ್ಲಸೂದು ಬ್ಯಾಡ, ಉರಿ ಸರಿಯಾಗಿ ಅಕ್ಕಿಕಾಳಿನ ಹೊತ್ತಿಗೆ ಏಳತದ. ಪಾದರಸದ ಸಂಶಯ ಇರೂ ಡಬ್ಬಿಗೆ ಮಾತ್ರ ಈ ಲೆಕ್ಕ ಇಲ್ಲ, ಅದನ್ನ ಇವತ್ತ ನಿಲ್ಲಸಬೇಕು. ‘ಮದುವಿ ಆದ ಮ್ಯಾಲೆ ನೋಡೂಣು’ ಅಂದವರು ಬಸುರಿ ಆದಾಗಲೂ ಹಚ್ಚತಾ ಇರ್ತಾರ. ಟ್ರೆಟಿನೋಯಿನ್, ಹೈಡ್ರೋಕ್ವಿನೋನ್ ಎರಡೂ ಬಸುರಿನೊಳಗ ಬ್ಯಾಡಾದವು.

ಮದುವಿಗೆ ಮೊದಲಿನ ಫೇಶಿಯಲ್ ಪ್ಯಾಕೇಜ್ ರದ್ದು ಮಾಡ್ರಿ. ಬ್ಲೀಚಿನಾಗಿನ ಹೈಡ್ರೋಜನ್ ಪೆರಾಕ್ಸೈಡ್, ಅಮೋನಿಯಾ ತೆಳು ಚರ್ಮಾ ಸುಡತಾವ. ಮೇಕಪ್ಪಿನವರಿಗೆ ಮುಖ ಸ್ಟೀರಾಯ್ಡಿನಿಂದ ಸೂಕ್ಷ್ಮ ಆಗೇದ ಅಂತ ಮೊದಲ ತಿಳಸ್ರಿ, ಹತ್ತು ದಿನ ಮೊದಲ ಅವರ ಬಣ್ಣ ದವಡಿ ಕೆಳಗ ಸ್ವಲ್ಪ ಹಚ್ಚಿಸಿ ಎರಡು ದಿನ ನೋಡ್ರಿ. ಆಕಿ ಕತ್ತಿನ ಬಣ್ಣಕ್ಕ ಹೊಂದೂ ಫೌಂಡೇಶನ್ ಹಾಕಸ್ರಿ, ಎರಡು ಛಾಯಿ ತಿಳಿ ಹಾಕಿದ್ರ ಫೋಟೋದಾಗ ಬೂದಿ ಬಡದಂಗ ಕಾಣತದ.

ಅರಿಶಿನ ಶಾಸ್ತ್ರದಾಗ ಪುಡಿ ಅರಿಶಿನ, ಎಣ್ಣಿ ಕೈಗೆ, ಪಾದಕ್ಕ ಹಚ್ಚಲಿ. ಮುಖಕ್ಕ ಗಲ್ಲದ ತುದಿಗೆ ಒಂದು ಬೊಟ್ಟು ಇಟ್ರ ಶಾಸ್ತ್ರ ನಡೀತದ. ಐದು ಮುತ್ತೈದಿಯರು ತಿಕ್ಕಾಕ ಬಂದ್ರ ತಾಯಿ ಪಕ್ಕದಾಗ ನಿಂತು ಕೈ ಹಿಡದು ಪಾದದ ಕಡಿ ತಿರಗಿಸಲಿ.